ಮಲೆನಾಡಿನ ಮಳೆಗೆ ತಡೆಯುವ ಕೇಬಲ್ ರಿಲೀಸ್ ಯಾವುದು?

ಕೇಬಲ್ ರಿಲೀಸ್ ಅಂದರೆ ಕ್ಯಾಮೆರಾದ ಶಟರ್ ಬಟನ್ನಿಗೆ ಬೆರಳು ತಾಗಿಸದೆ ಅದನ್ನು ಒತ್ತಲು ಹಾಕುವ ತಂತಿಯ ಸಾಧನ. ಅದು ಕೆಡುವುದು ಹೆಚ್ಚಾಗಿ ಕುತ್ತಿಗೆಯ ಹತ್ತಿರವೇ. ಕ್ಯಾಮೆರಾಕ್ಕೆ ತಿರುಗಿಸಿ ಹಾಕುವ ಲೋಹದ ತುದಿ ಇದೆಯಲ್ಲ, ಅದು ಮುಗಿದು ಕೇಬಲ್ ಶುರುವಾಗುವ ಜಾಗ. ಅಂಗಡಿಯಲ್ಲಿ ಎಲ್ಲರೂ ನೋಡುವುದು ಮಾತ್ರ ಒತ್ತುವ ಗುಂಡಿಯನ್ನು. ಹೊಳೆಯುತ್ತಿದೆಯಾ, ಹೆಬ್ಬೆರಳಿಗೆ ಹಿತವಾಗಿದೆಯಾ ಅಂತ. ಗುಂಡಿ ಹಾಳಾಗಿ ಮೂಲೆ ಸೇರಿದ ಕೇಬಲ್ ನನ್ನ ಕೈಗೆ ಬಂದದ್ದು ಕಡಿಮೆ. ಕುತ್ತಿಗೆ ಮುರಿದು ಬಂದವು ಬೇಕಾದಷ್ಟು.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಜೆರಾಕ್ಸ್, ಸೀಸನ್ ಬಂದರೆ ಮದುವೆ. ಹೊಟ್ಟೆಪಾಡೆಲ್ಲ ಡಿಜಿಟಲ್‌ನಲ್ಲೇ. ಆದರೆ ಕೆಲಸ ಕಲಿತದ್ದು ಶಿವಮೊಗ್ಗದ ದುರ್ಗಿಗುಡಿಯ ಒಂದು ಸ್ಟುಡಿಯೋದಲ್ಲಿ, ರೀಲಿನ ಕಾಲದಲ್ಲಿ. ಆ ಚಟ ಬಿಟ್ಟುಹೋಗಿಲ್ಲ. ನಿಕಾನ್ ಎಫ್‌ಎಂ2 ಒಂದು, ಪೆಂಟಾಕ್ಸ್ ಕೆ1000 ಒಂದು ಈಗಲೂ ಓಡುತ್ತಿವೆ. ಈಚೆಗೆ ಕಾಲೇಜು ಹುಡುಗ ಹುಡುಗಿಯರು ಅಜ್ಜನ ಬೀರುವಿನಿಂದ ಹಳೇ ಕ್ಯಾಮೆರಾ ಹೊರಗೆ ತೆಗೆದು ಅಂಗಡಿಗೆ ತರುತ್ತಾರೆ. ರೀಲು ಹಾಕೋದು ಹೇಗೆ ಅಂತ ಮೊದಲು ಕೇಳುತ್ತಾರೆ. ಅದಾದ ಮೇಲೆ, "ಅಣ್ಣಾ, ಈ ಬಟನ್ ಮಧ್ಯೆ ತೂತು ಯಾಕಿದೆ?" ಅಂತ ಶುರು. ತೂತಿನ ಕೆಲಸ ಹೇಳಿದ ಮೇಲೆ, "ಹಾಗಾದ್ರೆ ಯಾವುದು ತಗೊಳ್ಳಲಿ?" ಪ್ರತಿಯೊಬ್ಬರಿಗೂ ನಿಂತುಕೊಂಡು ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ.

ಮೊದಲು, ಇದು ನಿಜವಾಗಿ ಬೇಕಾ ಅನ್ನುವ ಮಾತು. ಕೈಯಲ್ಲಿ ಹಿಡಿದು ಬಿಸಿಲಲ್ಲಿ ತೆಗೆಯುವವರಿಗೆ ಬೇಡ. ದುಡ್ಡು ಉಳಿಸಿ ಇನ್ನೊಂದು ರೀಲು ತಗೊಳ್ಳಿ. ಆದರೆ ನಮ್ಮ ಕಡೆ ಬಿಸಿಲು ಎಲ್ಲಿದೆ ಹೇಳಿ? ಆಗುಂಬೆ ಹತ್ತಿರ ಜೋಗಿಗುಂಡಿಗೆ ಹೋಗಿ ನಿಂತರೆ ಮಧ್ಯಾಹ್ನವೇ ಸಂಜೆಯ ಹಾಗಿರುತ್ತದೆ. 100 ಅಥವಾ 125ರ ಫಿಲ್ಮ್ ಹಾಕಿ, ಲೆನ್ಸಿನ ಕಿಂಡಿ ಎಫ್16ಕ್ಕೆ ಕಿರಿದು ಮಾಡಿದರೆ ಬೆಳಕು ಅಳೆಯುವ ಮೀಟರು ಒಂದು ಸೆಕೆಂಡು, ಎರಡು ಸೆಕೆಂಡು ಕೇಳುತ್ತದೆ. ಅಷ್ಟು ನಿಧಾನದ ಶಟರಿಗೆ ಟ್ರೈಪಾಡ್ ಮೇಲಿಟ್ಟು ಬೆರಳಿನಿಂದ ಒತ್ತಿದರೆ ಬೆರಳಿನ ನಡುಕವೇ ನೆಗೆಟಿವ್ ಮೇಲೆ ಬರುತ್ತದೆ.

"ಸೆಲ್ಫ್ ಟೈಮರ್ ಇದೆಯಲ್ಲ" ಅನ್ನುತ್ತಾರೆ ಬುದ್ಧಿವಂತರು. ಎಫ್‌ಎಂ2ನಲ್ಲಿ ಇದೆ, ಚೆನ್ನಾಗಿಯೂ ಇದೆ. ಸೆಲ್ಫ್ ಟೈಮರ್ ಶುರುವಾಗುತ್ತಿದ್ದ ಹಾಗೇ ಒಳಗಿನ ಕನ್ನಡಿ ಮೇಲೆದ್ದು ನಿಲ್ಲುತ್ತದೆ, ಶಟರ್ ಬೀಳುವ ಹೊತ್ತಿಗೆ ಕನ್ನಡಿಯ ಪೆಟ್ಟಿನ ಅದುರು ಕೂಡ ಅಡಗಿರುತ್ತದೆ. ಒಂದು ಸೆಕೆಂಡಿನವರೆಗೆ ಕೇಬಲ್‌ಗಿಂತ ಅದೇ ವಾಸಿ ಅಂತ ಬೇಕಾದರೂ ಹೇಳುತ್ತೇನೆ. ಆದರೆ ಆ ಕ್ಯಾಮೆರಾದ ಶಟರ್ ಒಂದು ಸೆಕೆಂಡಿಗೆ ಮುಗಿಯಿತು. ಅದರ ಮೇಲೆ ಬೇಕು ಅಂದರೆ 'ಬಿ'ಗೆ, ಅಂದರೆ ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವ ಗುರುತಿಗೆ ಹಾಕಿ ಬಟನ್ ಒತ್ತಿ ಹಿಡಿದೇ ಇರಬೇಕು. ಅಲ್ಲಿ ಟೈಮರ್ ಉಪಯೋಗಕ್ಕಿಲ್ಲ. ಕೆ1000 ಕಥೆ ಇನ್ನೂ ಬಡವರದ್ದು, ಅದಕ್ಕೆ ಸೆಲ್ಫ್ ಟೈಮರೇ ಇಲ್ಲ. 1976ರಿಂದ 1997ರವರೆಗೆ ಮಾಡಿದ ಕ್ಯಾಮೆರಾ, ಅಷ್ಟು ವರ್ಷ ಅದನ್ನೊಂದು ಸೇರಿಸಲೇ ಇಲ್ಲ. ಹಾಗಾಗಿ ಕೆ1000 ಇರುವವರಿಗೆ ಟ್ರೈಪಾಡ್ ಜೊತೆಗೇ ಕೇಬಲ್ ಲೆಕ್ಕ.

ಇನ್ನೊಂದು ವಿಷಯ ಇದೆ, ಡಿಜಿಟಲ್‌ನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಫಿಲ್ಮಿಗೆ ನಿಧಾನ ಎಕ್ಸ್‌ಪೋಷರ್‌ನಲ್ಲಿ ಮೈಗಳ್ಳತನ ಬರುತ್ತದೆ. ಮೀಟರ್ ಹೇಳಿದಷ್ಟು ಹೊತ್ತು ಕೊಟ್ಟರೆ ಸಾಲುವುದಿಲ್ಲ. ಇಲ್‌ಫೋರ್ಡ್‌ನವರು ತಮ್ಮ ಫಿಲ್ಮುಗಳಿಗೆ ಒಂದು ಸೂತ್ರ ಕೊಟ್ಟಿದ್ದಾರೆ. ಎಚ್‌ಪಿ5 ಪ್ಲಸ್ ಅನ್ನುವ ಅವರ ಫಿಲ್ಮ್ ಆದರೆ ಮೀಟರಿನ ಸೆಕೆಂಡನ್ನು 1.31ರ ಘಾತಕ್ಕೆ ಏರಿಸಬೇಕು. ಲೆಕ್ಕದ ತಲೆಬಿಸಿ ಬೇಡ ಅಂದರೆ ಇಷ್ಟು ನೆನಪಿಟ್ಟುಕೊಳ್ಳಿ: ಮೀಟರ್ 10 ಸೆಕೆಂಡು ಅಂದರೆ ನೀವು 20 ಕೊಡಬೇಕು, 30 ಅಂದರೆ ಹತ್ತಿರ ಹತ್ತಿರ 86 ಕೊಡಬೇಕು. ಎಂಬತ್ತಾರು ಸೆಕೆಂಡು ಬೆರಳು ಅಲುಗದೆ ಬಟನ್ ಹಿಡಿದು ನಿಲ್ಲುವವರು ಯಾರು ಮಾರಾಯ್ರೆ? ಲಾಕ್ ಇರುವ ಕೇಬಲ್ ಬೇಕೇ ಬೇಕು.

ಈಗ ಒಳಗೆ ಏನಿದೆ ನೋಡೋಣ. ಸೈಕಲ್ ಬ್ರೇಕ್ ಕೇಬಲ್ಲಿನ ತಮ್ಮ ಇದು. ಹೊರಗೆ ಸುರುಳಿ ಸುತ್ತಿದ ತಂತಿಯ ಕೊಳವೆ, ಅದರ ಮೇಲೆ ಬಟ್ಟೆಯದ್ದೋ ಪ್ಲಾಸ್ಟಿಕ್ಕಿನದ್ದೋ ಹೊದಿಕೆ, ಒಳಗೆ ಜಾರುವ ಉಕ್ಕಿನ ತಂತಿ, ಅದರ ತುದಿಯಲ್ಲಿ ಶಟರ್ ಬಟನ್ ಒತ್ತುವ ಪಿನ್ನು. ಬ್ರೇಕಿನಲ್ಲಿ ತಂತಿಯನ್ನು ಎಳೆಯುತ್ತೇವೆ, ಇಲ್ಲಿ ತಳ್ಳುತ್ತೇವೆ. ಎಲ್ಲಾ ತಾಪತ್ರಯ ಈ ತಳ್ಳುವುದರಲ್ಲಿದೆ. ಎಳೆದ ತಂತಿ ತಾನಾಗಿ ಬಿಗಿಯಾಗುತ್ತದೆ. ತಳ್ಳಿದ ತಂತಿ ಎಲ್ಲಿ ಡೊಂಕು ಸಿಕ್ಕಿತೋ ಅಲ್ಲಿ ಬಾಗುತ್ತದೆ, ಅಲ್ಲೇ ಉಜ್ಜುತ್ತದೆ.

ಡೊಂಕು ಎಲ್ಲಿ ಬರುತ್ತದೆ ಅಂತ ಒಮ್ಮೆ ಕ್ಯಾಮೆರಾಕ್ಕೆ ಹಾಕಿ ನೋಡಿ. ಶಟರ್ ಬಟನ್ ಇರುವುದು ಕ್ಯಾಮೆರಾದ ತಲೆ ಮೇಲೆ. ಕೇಬಲ್ ಅಲ್ಲಿಂದ ನೆಟ್ಟಗೆ ಎದ್ದು, ತನ್ನ ಭಾರಕ್ಕೆ ತಾನೇ ಮಗುಚಿ ಕೆಳಗೆ ಬೀಳುತ್ತದೆ. ಯಾವಾಗ ಹಾಕಿದರೂ ಅದೇ ಜಾಗದಲ್ಲಿ ಬಾಗು. ಟ್ರೈಪಾಡ್ ಎತ್ತಿಕೊಂಡು ನಡೆಯುವಾಗ ಗಿಡಕ್ಕೆ ಸಿಕ್ಕಿಕೊಂಡರೂ ಪೆಟ್ಟು ಬೀಳುವುದು ಅಲ್ಲಿಗೇ. ಸ್ವಲ್ಪ ದಿನದಲ್ಲಿ ಹೊದಿಕೆ ಸೀಳುತ್ತದೆ. ಸುರುಳಿ ಬಾಯಿ ಬಿಡುತ್ತದೆ. ಆಮೇಲೆ ಒತ್ತಿದರೆ ಒಳಗಿನ ತಂತಿ ಪಿನ್ನನ್ನು ತಳ್ಳುವ ಬದಲು ಆ ಬಾಯಿಯಲ್ಲಿ ಗೂನು ಬಾಗಿ ಕೂತುಬಿಡುತ್ತದೆ. ಗುಂಡಿ ಪೂರ್ತಿ ಒಳಗೆ ಹೋಗಿರುತ್ತದೆ, ಶಟರ್ ಮಾತ್ರ ಬೀಳುವುದಿಲ್ಲ.

ನನ್ನ ಹತ್ತಿರ ಸದ್ಯ ಇರುವ, ಇದ್ದ ಕೇಬಲ್‌ಗಳ ವಿಚಾರಕ್ಕೆ ಬರುತ್ತೇನೆ.

ಆನ್‌ಲೈನ್‌ನಲ್ಲಿ ತರಿಸಿದ್ದು ಒಂದು, ಕಪ್ಪು ನೂಲಿನ ಹೆಣಿಗೆಯ ಹೊದಿಕೆಯದ್ದು. ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಅದೇ ಮಾಲು ಹತ್ತು ಹೆಸರಿನಲ್ಲಿ ಸಿಗುತ್ತದೆ. ರೇಟು ಒಂದು ರೀಲಿಗಿಂತ ಕಡಿಮೆ. ಬಂದ ದಿನ ನೋಡಲು ಚೆಂದವೇ ಇತ್ತು. ಮೆತ್ತಗೆ, ಹೇಗೆ ಬೇಕಾದರೂ ಬಾಗುವ ಹಾಗೆ. ಆ ಮೆತ್ತಗಿರುವುದೇ ಅದರ ರೋಗ. ತುದಿಯ ಲೋಹಕ್ಕೂ ನೂಲಿಗೂ ನಡುವೆ ಆಸರೆ ಅಂತ ಏನೂ ಇಲ್ಲ, ಗೋಂದು ಹಾಕಿ ಅಂಟಿಸಿದ್ದಾರೆ ಅಷ್ಟೆ. ಬೇಸಿಗೆ ಪೂರ್ತಿ ಕೆಲಸ ಮಾಡಿತು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ನೂಲು ಥಂಡಿ ಕುಡಿಯಿತು. ನಮ್ಮ ಕಡೆ ಆಷಾಢದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಗೋಡೆ ಮೇಲಿನ ಫೋಟೋಕ್ಕೆಲ್ಲ ಬೂಷ್ಟು ಬರುತ್ತದಲ್ಲ, ಇದಕ್ಕೂ ಬಂತು. ಬಿಳಿ ಬೂಷ್ಟು ಒರೆಸಬಹುದು. ಆದರೆ ನೂಲು ನೆಂದರೆ ಬೇಗ ಒಣಗುವುದಿಲ್ಲ, ಅದರ ಕೆಳಗಿನ ತಂತಿ ಸುಮ್ನೆ ಬಿಡುತ್ತದಾ? ತುಕ್ಕು. ಗುಂಡಿ ಒತ್ತಿದರೆ ಒಳಗೆ ಜರ ಜರ ಅಂತ ಕೈಗೇ ಗೊತ್ತಾಗುತ್ತಿತ್ತು. ಕೊನೆಗೆ ಅದು ಕೈ ಕೊಟ್ಟಿದ್ದು ಕುತ್ತಿಗೆಯಲ್ಲೇ, ಮೇಲೆ ಹೇಳಿದ ಹಾಗೆ.

ನೂಲಿನ ಹೊದಿಕೆ ಅಂದರೆ ಎಲ್ಲವೂ ಕಳಪೆ ಅಂತಲ್ಲ. ಹಳೇ ಜರ್ಮನ್ ಕೇಬಲ್‌ಗಳು ನೂಲಿನವೇ, ಬಯಲುಸೀಮೆಯ ಒಣ ಹವೆಯಲ್ಲಿ ಇವತ್ತಿಗೂ ಬಾಳುತ್ತಿವೆ. ಚಿತ್ರದುರ್ಗದವರಿಗೆ ನಾನು ಬೇಡ ಅನ್ನುವುದಿಲ್ಲ. ಹೊಸನಗರದವರಿಗೆ, ತೀರ್ಥಹಳ್ಳಿಯವರಿಗೆ ಬೇಡ.

ಆ ಆನ್‌ಲೈನ್ ಕೇಬಲ್ಲಿನ ಲಾಕಿನ ಬಗ್ಗೆಯೂ ಒಂದು ಮಾತು. ಗುಂಡಿಯ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ. ಗುಂಡಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಕ್ರೂ ಬಿಗಿ ಮಾಡಬೇಕು. ಹಗಲಲ್ಲಿ ಸರಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ನಮ್ಮ ತೋಟದ ಅಂಚಿನ ಮರಗಳಿಗೆ ಮಿಣುಕುಹುಳ ಬರುತ್ತವೆ. ಅವನ್ನು ತೆಗೆಯಲು ಕತ್ತಲೆಯಲ್ಲಿ 'ಬಿ'ಗೆ ಹಾಕಿ ಕಾಯಬೇಕು. ಟಾರ್ಚ್ ಹಾಕಿದರೆ ಹುಳವೂ ಹೋಯಿತು, ಫ್ರೇಮೂ ಹೋಯಿತು. ಅಂಥ ಕತ್ತಲೆಯಲ್ಲಿ ಎರಡು ಕೈ ಬೇಡುವ ಸ್ಕ್ರೂ ಲಾಕ್ ಅಂದರೆ ಶಿಕ್ಷೆ. ಜೊತೆಗೆ ಆ ಸ್ಕ್ರೂಗೆ ತಡೆ ಇಲ್ಲದಿದ್ದರೆ ತಿರುಗಿಸಿ ತಿರುಗಿಸಿ ಪೂರ್ತಿ ಕಳಚಿ ಬೀಳುತ್ತದೆ. ಅಡಿಕೆ ತೋಟದ ದರಗಿನಲ್ಲಿ ಬಿದ್ದ ಜೋಳದ ಕಾಳಿನಷ್ಟು ಸ್ಕ್ರೂ ಯಾರಿಗೆ ಸಿಕ್ಕೀತು.

ಎರಡನೆಯದು ನಿಕಾನ್ ಎಆರ್-3. ನಮ್ಮ ದುರ್ಗಿಗುಡಿ ಯಜಮಾನರು ಅಂಗಡಿ ಮುಚ್ಚುವಾಗ ಎಫ್‌ಎಂ2 ಜೊತೆ ಕೊಟ್ಟದ್ದು. ಸುಮಾರು ಒಂದು ಅಡಿ ಉದ್ದ. ಅವರ ಕೈಯಲ್ಲಿ ಎಷ್ಟು ವರ್ಷ ಇತ್ತೋ, ನನ್ನ ಕೈಯಲ್ಲಿ ಇಷ್ಟು ವರ್ಷ. ಇವತ್ತಿಗೂ ಒತ್ತಿದರೆ ಪಿನ್ನು ಸರಕ್ಕನೆ ಬಂದು ಸರಕ್ಕನೆ ಒಳಗೆ ಹೋಗುತ್ತದೆ. ಹೆಸರು ನಿಕಾನ್ ಆದರೂ ನಿಕಾನಿಗೆ ಮಾತ್ರ ಅಂದುಕೊಳ್ಳಬೇಡಿ. ತುದಿ ಚೂಪಾಗುತ್ತಾ ಹೋಗುವ ಈ ಥ್ರೆಡ್ ಬಹುತೇಕ ಎಲ್ಲಾ ಕಂಪನಿಯವರೂ ಒಪ್ಪಿಕೊಂಡ ಅಳತೆ. ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1, ಒಲಿಂಪಸ್ ಒಎಂ-1, ಎಲ್ಲಕ್ಕೂ ಇದೇ ಹೋಗುತ್ತದೆ. ತಮಾಷೆ ಏನೆಂದರೆ ನಿಕಾನಿನದೇ ಹಳೇ ಎಫ್ ಮತ್ತು ಎಫ್2ಗೆ ಇದು ಹೋಗುವುದಿಲ್ಲ. ಅವುಗಳಲ್ಲಿ ಬಟನ್ ಸುತ್ತ ಇರುವ ಬಳೆಗೆ ಟೋಪಿ ಹಾಕಿದ ಹಾಗೆ ಕೂರುವ ಎಆರ್-2 ಬೇಕು. ಅಂಗಡಿಯವನು "ಎರಡೂ ನಿಕಾನೇ ಸಾರ್, ಹೋಗುತ್ತೆ" ಅಂದರೆ ನಂಬಬೇಡಿ.

ಈ ಎಆರ್-3ನ್ನು ಹತ್ತಿರದಿಂದ ನೋಡಿದರೆ ಅದು ಯಾಕೆ ಬಾಳಿತು ಅಂತ ತಿಳಿಯುತ್ತದೆ. ಹೊದಿಕೆ ನುಣುಪು, ನೀರು ಕುಡಿಯುವುದಿಲ್ಲ, ಒರೆಸಿದರೆ ಆಯಿತು. ಕೇಬಲ್ ಸ್ವಲ್ಪ ಗಡಸು, ಮಡಚಲು ಹೋದರೆ ಮಡಚುವುದಿಲ್ಲ, ದೊಡ್ಡ ಬಾಗು ತೆಗೆದುಕೊಳ್ಳುತ್ತದೆ. ಹೊಸಬರಿಗೆ ಗಡಸು ಅಂದರೆ ಇಷ್ಟ ಆಗುವುದಿಲ್ಲ. ಮೆತ್ತಗಿದ್ದರೆ ಒಳ್ಳೆಯದು ಅಂತ ಲೆಕ್ಕ. ನನ್ನ ಲೆಕ್ಕ ಉಲ್ಟಾ. ಒಂದೇ ಕೊರತೆ, ಉದ್ದ ಸಾಲದು. ಒಂದು ಅಡಿ ಕೇಬಲ್‌ನಲ್ಲಿ ನಿಮ್ಮ ಕೈ ಕ್ಯಾಮೆರಾದ ಪಕ್ಕದಲ್ಲೇ ಇರುತ್ತದೆ. ಜೋಗದ ದಂಡೆಯಲ್ಲಿ ನಿಂತಾಗ, 253 ಮೀಟರ್ ಆಳದಿಂದ ಗಾಳಿ ತುಂತುರು ಹೊತ್ತುಕೊಂಡು ಮೇಲೆ ಬರುವಾಗ, ನೀವು ನಡುಗುವುದು ಕೇಬಲ್ಲಿನ ಮೂಲಕ ಕ್ಯಾಮೆರಾಕ್ಕೂ ಹೋಗುತ್ತದೆ. ಕೇಬಲ್ ಯಾವತ್ತೂ ಬಿಗಿಯಾಗಿ ಎಳೆದು ಹಿಡಿಯಬಾರದು. ಸಡಿಲ ಬಿಟ್ಟು ಒತ್ತಬೇಕು. ಕುಳ್ಳ ಕೇಬಲ್‌ನಲ್ಲಿ ಸಡಿಲ ಬಿಡಲು ಜಾಗವೇ ಇಲ್ಲ.

ಮೂರನೆಯದು ಗೆಪೆ ಕಂಪನಿಯದು, 50 ಸೆಂಟಿಮೀಟರ್, ಪ್ಲಾಸ್ಟಿಕ್ ಹೊದಿಕೆ, ತಟ್ಟೆ ಲಾಕ್. ಇದು ಬೆಂಗಳೂರಿನಿಂದ ತರಿಸಿದ್ದು. ಶಿವಮೊಗ್ಗದಲ್ಲಿ ನೆಹರೂ ರೋಡ್ ಕಡೆ ಕೇಳಿ ನೋಡಿದೆ, ಡಿಜಿಟಲ್ ರಿಮೋಟ್ ಕೈಗೆ ಕೊಡುತ್ತಾರೆ. ಅಂಗಡಿ ಹುಡುಗರ ತಪ್ಪಲ್ಲ ಬಿಡಿ, ಅವರು ಹುಟ್ಟುವ ಹೊತ್ತಿಗೆ ಇದೆಲ್ಲ ಮುಗಿದಿತ್ತು. ರೇಟು ಆನ್‌ಲೈನ್ ಮಾಲಿನ ಹಲವು ಪಟ್ಟು. ಹೆಂಡತಿಗೆ ಬಿಲ್ ತೋರಿಸಿಲ್ಲ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ತಟ್ಟೆ. ಗುಂಡಿಯ ಕೆಳಗೆ ಒಂದು ರೂಪಾಯಿ ಬಿಲ್ಲೆಗಿಂತ ಚಿಕ್ಕ ಲೋಹದ ತಟ್ಟೆ ಇರುತ್ತದೆ. ಗುಂಡಿ ಒತ್ತಿದರೆ ಒಳಗೇ ನಿಲ್ಲುತ್ತದೆ, ಕೈ ಬಿಡಬಹುದು. ತಟ್ಟೆಯನ್ನು ಬೆರಳಲ್ಲಿ ಹಿಂದಕ್ಕೆ ಎಳೆದರೆ ಗುಂಡಿ ಪಟ್ ಅಂತ ಮೇಲೆ ಬರುತ್ತದೆ, ಶಟರ್ ಮುಚ್ಚುತ್ತದೆ. ಒಂದೇ ಕೈ ಸಾಕು. ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದುಕೊಳ್ಳಬಹುದು, ಕಾಲಿಗೆ ಹತ್ತಿದ ಉಂಬಳ ಕೀಳಬಹುದು. ಮಲೆನಾಡಿನಲ್ಲಿ ಫೋಟೋ ತೆಗೆಯುವವನಿಗೆ ಒಂದು ಕೈ ಖಾಲಿ ಇರುವುದು ಅಂದರೆ ಎಷ್ಟು ದೊಡ್ಡ ಸೌಕರ್ಯ ಅಂತ ಆಗುಂಬೆಯಲ್ಲಿ ನಿಂತವರಿಗೇ ಗೊತ್ತು.

ಲಾಕ್ ಬೇಡದಾಗ ತಟ್ಟೆಯನ್ನು ಬಿಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಅದನ್ನು ನೋಡದೆ ಅರ್ಧ ಸೆಕೆಂಡಿನ ಫೋಟೋ ತೆಗೆದರೆ ಪಿನ್ನು ಕೆಳಗೇ ಉಳಿಯುತ್ತದೆ, ಮುಂದಿನ ಫ್ರೇಮಿಗೆ ಲಿವರ್ ಎಳೆದರೆ ತಕರಾರು. ಆಗ ಬಲ ಹಾಕಬೇಡಿ. ತಟ್ಟೆ ಎಳೆದು ಪಿನ್ನು ಬಿಡಿಸಿ, ಆಮೇಲೆ ಲಿವರ್. ಯಾವ ಕೇಬಲ್ ಆದರೂ ಇದೇ ಮಾತು. ಲಿವರ್ ಸಿಕ್ಕಿಕೊಂಡರೆ ಮೊದಲು ಕೇಬಲ್ ಕಳಚಿ ನೋಡಿ.

ಕುತ್ತಿಗೆಗೆ ಬಂದರೆ, ಇದರಲ್ಲಿ ಲೋಹದ ತುದಿಯಿಂದ ಕೇಬಲ್ ಮೇಲೆ ಸ್ವಲ್ಪ ದೂರದವರೆಗೆ ಒಂದು ಕೊಳವೆ ಹೊದಿಸಿದ್ದಾರೆ. ಬಾಗು ಒಂದೇ ಬಿಂದುವಿಗೆ ಬೀಳದೆ ಹಂಚಿಹೋಗುತ್ತದೆ. ಮಳೆಗಾಲ ದಾಟಿಸಿ ನೋಡಿದ್ದೇನೆ. ಹೊದಿಕೆ ಸೀಳಿಲ್ಲ, ತುಕ್ಕಿನ ಜರ ಜರ ಇಲ್ಲ. ಚಳಿಗಾಲದ ಬೆಳಿಗ್ಗೆ ಪ್ಲಾಸ್ಟಿಕ್ ಸ್ವಲ್ಪ ಬಿರುಸಾಗುತ್ತದೆ. ಸಕ್ರೆಬೈಲಿನ ಹೊಳೆದಂಡೆಯಲ್ಲಿ ಆನೆ ಸ್ನಾನ ತೆಗೆಯಲು ಬೆಳಿಗ್ಗೆ ಬೇಗ ಹೋದಾಗ ಸುತ್ತು ಬಿಚ್ಚಿದರೂ ಸುತ್ತಿಕೊಂಡೇ ಇತ್ತು. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಸರಿಹೋಗುತ್ತದೆ. ದೂರುವಂಥದ್ದಲ್ಲ.

ಗಾಳಿ ಬಲ್ಬಿನ ರಿಲೀಸ್ ಬಗ್ಗೆ ಕೆಲವರು ಕೇಳುತ್ತಾರೆ. ರಬ್ಬರ್ ಉಂಡೆ, ಅದಕ್ಕೆ ಕೆಲವು ಮೀಟರ್ ಉದ್ದದ ಸಣ್ಣ ಪೈಪು, ತುದಿಯಲ್ಲಿ ಪಿನ್ನು. ಉಂಡೆ ಹಿಚುಕಿದರೆ ಗಾಳಿ ಪಿನ್ನನ್ನು ತಳ್ಳುತ್ತದೆ. ನಮ್ಮ ಯಜಮಾನರು ಮನೆಯವರ ಗ್ರೂಪ್ ಫೋಟೋದಲ್ಲಿ ತಾವೂ ನಿಂತು ಕಾಲ ಕೆಳಗೆ ಉಂಡೆ ಅಮುಕುತ್ತಿದ್ದರು, ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಮೋಜಿನ ಸಾಮಾನು. ಬಾಳಿಕೆ ಕೇಳಬೇಡಿ. ರಬ್ಬರ್ ಅಂಟಂಟಾಗುತ್ತದೆ, ಇಲ್ಲ ಬಿರುಕು ಬಿಡುತ್ತದೆ. ಜೊತೆಗೆ ಗಾಳಿಯ ತಳ್ಳು ಮೆಲ್ಲಗೆ ಬರುತ್ತದೆ, ಅಲ್ಲಾಡುವ ಮಕ್ಕಳಿದ್ದರೆ ಆ ಗಳಿಗೆ ತಪ್ಪಿಹೋಗುತ್ತದೆ.

ಅಂಗಡಿಯಲ್ಲಿ ಕೊಳ್ಳುವುದಾದರೆ, ಅಥವಾ ಹಳೇದನ್ನು ಯಾರಾದರೂ ಮಾರುತ್ತಿದ್ದರೆ, ಕೈಗೆ ತೆಗೆದುಕೊಂಡು ನೆಟ್ಟಗೆ ಹಿಡಿದು ಒತ್ತಿ. ಪಿನ್ನು ನೇರವಾಗಿ, ತಡೆ ಇಲ್ಲದೆ ಬರಬೇಕು. ಇದು ಎಲ್ಲಾ ಕೇಬಲ್‌ಗಳೂ ಪಾಸಾಗುವ ಪರೀಕ್ಷೆ. ಈಗ ಅದನ್ನು ಒಂದು ಗೇಣಿನಷ್ಟು ಅಗಲಕ್ಕೆ ಸುತ್ತಿ ಹಿಡಿದು ಒತ್ತಿ. ಇಲ್ಲಿ ಕಳಪೆ ಮಾಲು ಸಿಕ್ಕಿಬೀಳುತ್ತದೆ. ಪಿನ್ನು ಅರ್ಧಕ್ಕೇ ನಿಲ್ಲುತ್ತದೆ, ಇಲ್ಲ ಬಿಟ್ಟ ಮೇಲೆ ಒಳಗೆ ಹೋಗಲು ಹಿಂದೆ ಮುಂದೆ ನೋಡುತ್ತದೆ. ಲಾಕ್ ಹಾಕಿ ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ. ಪಿನ್ನು ಜಾರಿದರೆ ವಾಪಸ್ ಕೊಡಿ. ಪಿನ್ನು ಎಷ್ಟು ಹೊರಗೆ ಬರುತ್ತದೆ ಅನ್ನುವುದೂ ಮುಖ್ಯ. ಎಫ್‌ಎಂ2ಗೆ ಸ್ವಲ್ಪ ಬಂದರೂ ಸಾಕು. ಹಳೇ ಮಡಚುವ ಕ್ಯಾಮೆರಾಗಳಲ್ಲಿ ಕೇಬಲ್ ಹಾಕುವ ತೂತು ಶಟರಿನ ಮೈಮೇಲೇ ಇರುತ್ತದೆ, ಅಲ್ಲಿ ಪಿನ್ನು ಜಾಸ್ತಿ ದೂರ ಬರಬೇಕಾಗಬಹುದು. ಸಾಧ್ಯವಾದರೆ ಕ್ಯಾಮೆರಾವನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ.

ಎಲ್ಲಕ್ಕಿಂತ ಮುಂಚೆ ನಿಮ್ಮ ಬಟನ್ ಮಧ್ಯೆ ಥ್ರೆಡ್ ಇರುವ ತೂತು ಇದೆಯಾ ನೋಡಿಕೊಳ್ಳಿ. ಬ್ಯಾಟರಿ ಕಾಲದ ಕ್ಯಾಮೆರಾಗಳಲ್ಲಿ ಇದು ಗೊಂದಲ. ನಿಕಾನ್ ಎಫ್100ಗೆ ಹತ್ತು ಪಿನ್ನಿನ ಎಲೆಕ್ಟ್ರಿಕ್ ರಿಮೋಟ್ ಬೇಕು, ಈ ಕೇಬಲ್ ಹೋಗುವುದಿಲ್ಲ. ಅದೇ ಮನೆತನದ ಎಫ್80ಗೆ ಹಳೇ ಸ್ಕ್ರೂ ಕೇಬಲ್ಲೇ ಹೋಗುತ್ತದೆ. ಇನ್ನು ಕ್ಯಾನನ್ ಎಇ-1 ಇರುವವರು ಒಂದು ನೆನಪಿಡಿ. ಕೇಬಲ್ ಹೋಗುತ್ತದೆ, ಆದರೆ ಅದರ ಶಟರ್ ಹಿಡಿದಿಡುವುದು ಬ್ಯಾಟರಿ. ನಕ್ಷತ್ರ ತೆಗೆಯುತ್ತೇನೆ ಅಂತ ಗಂಟೆಗಟ್ಟಲೆ ಲಾಕ್ ಹಾಕಿ ಬಿಟ್ಟರೆ ಬ್ಯಾಟರಿ ಖಾಲಿ. ಎಫ್‌ಎಂ2, ಕೆ1000 ಎರಡೂ ಶಟರಿಗೆ ಬ್ಯಾಟರಿ ಕೇಳುವುದಿಲ್ಲ, ರಾತ್ರಿಯೆಲ್ಲ ತೆರೆದಿಡಿ ಬೇಕಾದರೆ.

ಎಫ್‌ಎಂ2ನವರು ಕೇಬಲ್ ಹಾಕಿದೆ, ಒತ್ತಿದರೆ ಏನೂ ಆಗುತ್ತಿಲ್ಲ ಅಂತ ಓಡಿಬರುತ್ತಾರೆ. ಲಿವರ್ ಮೈಗೆ ಅಂಟಿಕೊಂಡಿರುತ್ತದೆ ಅಷ್ಟೆ. ಆ ಕ್ಯಾಮೆರಾದಲ್ಲಿ ಲಿವರನ್ನು ಸ್ವಲ್ಪ ಹೊರಗೆ ಎಳೆದಿಟ್ಟರೇ ಬಟನ್ ಬೀಗ ಬಿಡುವುದು. ಕೇಬಲ್ ಬೈಯಬೇಡಿ.

ಹಾಕುವಾಗ ಬಿಗಿ ಮಾಡಬೇಡಿ. ಥ್ರೆಡ್ ಚೂಪಾಗಿರುವುದರಿಂದ ಎರಡು ಮೂರು ಸುತ್ತಿಗೇ ಕೂರುತ್ತದೆ. ಇಕ್ಕಳ ಹಾಕಿ ಬಿಗಿದವರನ್ನೂ ಕಂಡಿದ್ದೇನೆ. ಕೇಬಲ್ ಹೋದರೆ ಇನ್ನೊಂದು ಬರುತ್ತದೆ, ಶಟರ್ ಬಟನ್ನಿನ ಥ್ರೆಡ್ ಹೋದರೆ ನಮ್ಮ ಜಿಲ್ಲೆಯಲ್ಲಿ ರಿಪೇರಿ ಮಾಡುವವರು ನನಗಂತೂ ಸಿಕ್ಕಿಲ್ಲ. ಕೇಬಲ್ಲನ್ನು ಕ್ಯಾಮೆರಾದಲ್ಲೇ ಬಿಟ್ಟು ಚೀಲಕ್ಕೆ ತುರುಕುವುದೂ ಬೇಡ. ಜಾಗ ಬದಲಿಸುವಾಗ ಕಳಚಿ ಜೇಬಿಗೆ ಹಾಕಿಕೊಳ್ಳಿ. ಕುತ್ತಿಗೆಗಳೆಲ್ಲ ಮುರಿಯುವುದು ಫೋಟೋ ತೆಗೆಯುವಾಗಲ್ಲ, ನಡೆಯುವಾಗ.

ಎಣ್ಣೆ ಬಿಡುವ ಆಸೆ ಎಲ್ಲರಿಗೂ ಇರುತ್ತದೆ. ನಮ್ಮಲ್ಲಿ ಯಾವುದಕ್ಕೆ ತಾನೇ ಕೊಬ್ಬರಿ ಎಣ್ಣೆ ಬಿಡುವುದಿಲ್ಲ! ಬಿಡಬೇಡಿ. ಎಣ್ಣೆ ಧೂಳು ಹಿಡಿಯುತ್ತದೆ, ಜೊತೆಗೆ ಇಳಿದು ಇಳಿದು ಕ್ಯಾಮೆರಾದೊಳಗೆ ಹೋಗುತ್ತದೆ. ನೆನೆದು ಬಂದ ದಿನ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ನೆಟ್ಟಗೆ ನೇತುಹಾಕಿ. ಬಚ್ಚಲೊಲೆ ಹತ್ತಿರ ಬೇಡ, ಹೊಗೆ ಜಿಡ್ಡು ಕೂರುತ್ತದೆ. ಒಣಗಿದ ಮೇಲೆ ದೊಡ್ಡ ಸುತ್ತು ಸುತ್ತಿ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್. ನೀಲಿ ಕಾಳು ತಗೊಂಡರೆ ಥಂಡಿ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗಿ ತಾನೇ ಹೇಳುತ್ತದೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಲೆನ್ಸಿಗೆ ಫಂಗಸ್ ಬರದಿರಲಿ ಅಂತ ಹೇಗೂ ಡಬ್ಬಿ ಇಟ್ಟಿರುತ್ತೀರಿ, ಅದರಲ್ಲೇ ಇದಕ್ಕೊಂದು ಮೂಲೆ.

ಸಾಗರದ ಹತ್ತಿರ ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಒಳಗಿನ ಕಂಬಗಳನ್ನು ತೆಗೆಯುವ ಆಸೆ ಇರುವವರು ತುಂಬಾ ಜನ. ಫ್ಲ್ಯಾಶ್ ಹಾಕಿದರೆ ಕಲ್ಲಿನ ಮೇಲಿನ ಕೆತ್ತನೆ ಚಪ್ಪಟೆಯಾಗುತ್ತದೆ, ಬಾಗಿಲಿನಿಂದ ಬರುವ ಬೆಳಕಿಗೇ ಕಾಯಬೇಕು. ಅಂಥ ಕಡೆ ಕೇಬಲ್ ಇಲ್ಲದೆ ಕೆಲಸವಿಲ್ಲ. ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡಿಗೆ ಮೊದಲೇ ಅನುಮತಿ ತಗೊಂಡು ಹೋಗಿ, ಬಾಗಿಲಲ್ಲಿ ಜಗಳ ಬೇಡ.

ಹಾಗಾದರೆ ಯಾವುದು? ಮಳೆಯಲ್ಲಿ ಓಡಾಡುವವರಿಗೆ ಪ್ಲಾಸ್ಟಿಕ್ ಹೊದಿಕೆ, ತಟ್ಟೆ ಲಾಕ್, 50 ಸೆಂಟಿಮೀಟರ್. ಗೆಪೆ ಸಿಕ್ಕರೆ ಅದೇ. ದುಡ್ಡು ಜಾಸ್ತಿ ಅನ್ನಿಸಿದರೆ ಹಳೇ ಎಆರ್-3 ಯಾರ ಹತ್ತಿರವಾದರೂ ಇದೆಯಾ ಕೇಳಿ, ಮುಚ್ಚಿದ ಸ್ಟುಡಿಯೋಗಳ ಡ್ರಾಯರುಗಳಲ್ಲಿ ಇನ್ನೂ ಬಿದ್ದಿರುತ್ತವೆ. ಒಂದು ಮೀಟರಿನದ್ದು ನೋಡಿ ಆಸೆಪಡಬೇಡಿ. ಉದ್ದ ಹೆಚ್ಚಿದಷ್ಟೂ ಒಳಗೆ ಉಜ್ಜಾಟ ಹೆಚ್ಚು, ಕಾಡಿನಲ್ಲಿ ಸಿಕ್ಕಿಕೊಳ್ಳುವುದೂ ಹೆಚ್ಚು. ಮೇಜಿನ ಮೇಲೆ ಹೂವು, ನಾಣ್ಯ ತೆಗೆಯುವವರಿಗೆ ಅದು ಬೇಕಾಗಬಹುದು.

ತೀರ್ಥಹಳ್ಳಿ ಕಡೆ ಬಂದರೆ ಕ್ಯಾಮೆರಾ ತನ್ನಿ, ಎರಡೂ ಕೇಬಲ್ ಹಾಕಿ ಒತ್ತಿ ನೋಡಬಹುದು. ಮಾರಲು ನನ್ನ ಹತ್ತಿರ ಸ್ಟಾಕ್ ಇಲ್ಲ. ಮದುವೆ ಸೀಸನ್‌ನಲ್ಲಿ ಮಾತ್ರ ಬರಬೇಡಿ, ಅಂಗಡಿ ಬಾಗಿಲು ಹಾಕಿರುತ್ತದೆ.